ಫೋನಿನಲ್ಲೇ ಹಣ ಓಡಾಡಿದರೂ ಪೆಟ್ರೋಲ್ ಯಾಕೆ ಉಳಿಯಲಿಲ್ಲ?

ಪ್ರಶ್ನೆ: ನಮ್ಮ ಕಡೆ ಈಗ ಸೊಪ್ಪು ಮಾರುವವರ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತಿದೆ. ಕರೆಂಟ್ ಬಿಲ್ ಕಟ್ಟಲು, ರೈಲಿನ ಟಿಕೆಟ್ ತೆಗೆಸಲು, ಪಹಣಿ ಪಡೆಯಲು ಯಾರೂ ತಾಲ್ಲೂಕಿಗೆ ಓಡುವುದಿಲ್ಲ. ಇಷ್ಟು ಓಡಾಟ ತಪ್ಪಿದ ಮೇಲೆ ಪೆಟ್ರೋಲ್, ಡೀಸೆಲ್, ಕಲ್ಲಿದ್ದಲಿನ ಬಳಕೆ ಇಳಿಯಬೇಕಿತ್ತಲ್ಲವೇ? ಪತ್ರಿಕೆಯಲ್ಲಿ ನೋಡಿದರೆ ವರ್ಷವರ್ಷವೂ ಹೊಸ ದಾಖಲೆ. ಡಿಜಿಟಲ್ ಆರ್ಥಿಕತೆ ಬೆಳೆದರೆ ನಮ್ಮಂಥ ದೇಶಗಳಲ್ಲಿ ಇಂಧನ ಉಳಿಯುತ್ತದೆಯೋ, ಇನ್ನಷ್ಟು ಉರಿಯುತ್ತದೆಯೋ? ಜೊತೆಗೊಂದು ಮನೆಯ ಪ್ರಶ್ನೆ: ನನ್ನ ಮಗ ದಿನಕ್ಕೆ ಮೂರು ಗಂಟೆ ವಿಡಿಯೊ ನೋಡುತ್ತಾನೆ. ಅದಕ್ಕೆ ಎಷ್ಟು ಕಲ್ಲಿದ್ದಲು ಸುಡುತ್ತದೆ?
(ಓದುಗರೊಬ್ಬರು, ತಿಪಟೂರು)

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಯುಪಿಐ ಶುರುವಾದ 2016-17ರಲ್ಲಿ ಇಡೀ ದೇಶದಲ್ಲಿ ಅದರ ಮೂಲಕ ನಡೆದ ವಹಿವಾಟು ಎರಡು ಕೋಟಿಯನ್ನೂ ಮುಟ್ಟಿರಲಿಲ್ಲ. 2024-25ರಲ್ಲಿ ಅದು 18,500 ಕೋಟಿ ದಾಟಿತು. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ದೇಶದ ಪೆಟ್ರೋಲ್ ಬಳಕೆ ವರ್ಷಕ್ಕೆ ಸುಮಾರು 2.2 ಕೋಟಿ ಟನ್ನಿನಿಂದ 4 ಕೋಟಿ ಟನ್ನಿಗೆ ಏರಿತು. ನಮ್ಮ ಗಣಿಗಳಿಂದ ವರ್ಷಕ್ಕೆ ತೆಗೆಯುವ ಕಲ್ಲಿದ್ದಲು 2024-25ರಲ್ಲಿ ಮೊದಲ ಸಲ 100 ಕೋಟಿ ಟನ್ ದಾಟಿತು.

ಹಾಗೆಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ದರಿಂದ ಪೆಟ್ರೋಲ್ ಖರ್ಚಾಯಿತು ಎಂದು ಹೇಳಲಾಗದು. ಎರಡೂ ಒಟ್ಟಿಗೆ ಏರಿದವು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಜನ ಫೋನನ್ನೂ ಕೊಂಡರು, ಸ್ಕೂಟರನ್ನೂ ಕೊಂಡರು. ನನ್ನ ಉತ್ತರ ಇರುವುದೂ ಇಲ್ಲೇ. ಡಿಜಿಟಲ್ ವ್ಯವಹಾರ ತಾನಾಗಿ ಸುಡುವ ಇಂಧನ ಕಡಿಮೆ. ಅದು ತಂದುಕೊಡುವ ಸಂಪಾದನೆ ಸುಡಿಸುವ ಇಂಧನ ಬಹಳ ಹೆಚ್ಚು. ಆ ಸಂಪಾದನೆ ಕಲ್ಲಿದ್ದಲಿನ ಕಡೆ ಹೊರಳುತ್ತದೋ ಬಿಸಿಲು ಗಾಳಿಯ ಕಡೆಗೋ ಎಂಬುದು ಆ ದೇಶದ ತಂತಿಯಲ್ಲಿ ಯಾವ ಕರೆಂಟು, ಯಾವ ಹೊತ್ತಿನಲ್ಲಿ ಹರಿಯುತ್ತದೆ ಎಂಬುದರ ಮೇಲೆ ನಿಂತಿದೆ.

ಮೊದಲು ತಪ್ಪಿದ ಓಡಾಟದ ಲೆಕ್ಕ ಮುಗಿಸೋಣ. ಪಹಣಿಯ ಮಾತು ನೀವೇ ಎತ್ತಿದ್ದೀರಿ. 2000ದ ಹೊತ್ತಿಗೆ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕೀಕರಿಸಿತು. ಅಲ್ಲಿಯವರೆಗೆ ಊರ ಮಟ್ಟದಲ್ಲೇ ಗ್ರಾಮ ಲೆಕ್ಕಿಗರು ಬರೆದುಕೊಡುತ್ತಿದ್ದ ಕಾಗದಕ್ಕೆ ರೈತರು ತಾಲ್ಲೂಕು ಕಚೇರಿಯ ಕಿಯೋಸ್ಕಿನ ಮುಂದೆ ಬಂದು ನಿಲ್ಲಬೇಕಾಯಿತು. ಸತಾಯಿಸುವುದು ತಪ್ಪಿತು, ಬಸ್ ಚಾರ್ಜು ಹೆಚ್ಚಿತು. ಅದೇ ಪಹಣಿ ನಾಡಕಚೇರಿಗೆ, ಆಮೇಲೆ ಅಂತರ್ಜಾಲಕ್ಕೆ ಬಂದ ಮೇಲಷ್ಟೇ ಓಡಾಟ ನಿಜವಾಗಿ ನಿಂತದ್ದು. ಕಂಪ್ಯೂಟರು ಬಂದ ದಿನವೇ ಇಂಧನ ಉಳಿತಾಯ ಶುರುವಾಗುತ್ತದೆ ಎಂದುಕೊಳ್ಳಬಾರದು. ಓಡಾಟ ನಿಂತ ಮೇಲೂ ಉಳಿದದ್ದು ನಾವು ಊಹಿಸುವಷ್ಟಿಲ್ಲ. ನೀವು ಹತ್ತದಿದ್ದರೂ ತಿಪಟೂರಿನ ಬಸ್ಸು ಹೊರಡುವ ಹೊತ್ತಿಗೆ ಹೊರಡುತ್ತದೆ. ಬೈಕಿನಲ್ಲಿ ಹೋಗುತ್ತಿದ್ದವರ ಪೆಟ್ರೋಲ್ ಉಳಿಯಿತು, ನಿಜ. ಬಿಡುವಾದ ಆ ಮಧ್ಯಾಹ್ನ ಅವರು ಅದೇ ಬೈಕಿನಲ್ಲಿ ಇನ್ನೆಲ್ಲಿಗೋ ಹೋಗಿದ್ದರೆ ಅದೂ ಇಲ್ಲ.

ಲಾರಿಗಳ ಕಥೆಯೂ ಹೀಗೆಯೇ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಕೆಲವೇ ದಿನಗಳಲ್ಲಿ 22 ರಾಜ್ಯಗಳು ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳನ್ನು ಎತ್ತಿಬಿಟ್ಟವು. ಮರುವರ್ಷ ಇ-ವೇ ಬಿಲ್ ಬಂತು. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಟೋಲ್ ಗೇಟಿನಲ್ಲಿ 2018-19ರಲ್ಲಿ ಸರಾಸರಿ 8 ನಿಮಿಷ ಕಾಯಬೇಕಿದ್ದ ವಾಹನ ಆಮೇಲೆ 47 ಸೆಕೆಂಡಿನಲ್ಲಿ ಹೊರಬೀಳುತ್ತಿದೆ ಎಂದು ಕೇಂದ್ರ ಸರ್ಕಾರ ಲೆಕ್ಕ ಕೊಟ್ಟಿದೆ. ಎಂಜಿನ್ ಬಂದ್ ಮಾಡದೆ ಸಾಲಿನಲ್ಲಿ ನಿಂತು ಸುಡುತ್ತಿದ್ದ ಡೀಸೆಲ್ ಉಳಿಯಿತೆನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಸಾಗಣೆ ಬೇಗವೂ ಅಗ್ಗವೂ ಆದಾಗ ಸಾಗಣೆಯೇ ಹೆಚ್ಚುತ್ತದೆ. ಸ್ಟೀಮ್ ಎಂಜಿನ್ನು ಮಿತವ್ಯಯಿಯಾದಷ್ಟೂ ಇಂಗ್ಲೆಂಡಿನ ಕಲ್ಲಿದ್ದಲು ಬಳಕೆ ಹೆಚ್ಚಾಯಿತು ಎಂದು ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲೇ ಬರೆದಿದ್ದ. ನಮ್ಮ ಡೀಸೆಲ್ ಬಳಕೆ 2015-16ರಲ್ಲಿ ಸುಮಾರು 7.5 ಕೋಟಿ ಟನ್ ಇದ್ದದ್ದು 2024-25ರಲ್ಲಿ 9.1 ಕೋಟಿ ಟನ್ ಆಗಿದೆ. ಪೆಟ್ರೋಲಿನಷ್ಟು ನೆಗೆದಿಲ್ಲ ಎಂಬುದನ್ನು ಗಮನಿಸಿ. ಕಾಯುವ ಹೊತ್ತು ತಪ್ಪಿದ್ದು, ರೈಲು ಮಾರ್ಗಗಳು ವಿದ್ಯುದೀಕರಣಗೊಂಡದ್ದು ಎರಡರ ಪಾಲೂ ಅದರಲ್ಲಿ ಇದ್ದೀತು.

ಇನ್ನು ಡಿಜಿಟಲ್ ಯಂತ್ರಗಳೇ ನೇರವಾಗಿ ಕುಡಿಯುವ ಇಂಧನ. ಇದು ಕಣ್ಣಿಗೆ ಹೊಡೆಯುವಂತೆ ಕಂಡದ್ದು ಮೊಬೈಲ್ ಟವರಿನ ಬುಡದಲ್ಲಿ. ಹದಿನೈದು ವರ್ಷದ ಹಿಂದೆ ಹಳ್ಳಿಯ ಟವರೆಂದರೆ ಅದರ ಕೆಳಗೊಂದು ಡಿಜಿ ಸೆಟ್, ಅಂದರೆ ಡೀಸೆಲ್ ಜನರೇಟರು, ಇರಲೇಬೇಕಿತ್ತು. ಕರೆಂಟು ಹೋದೊಡನೆ ಗುಡುಗುಡು ಶುರು. ಅದಕ್ಕೆ ಕ್ಯಾನಿನಲ್ಲಿ ಡೀಸೆಲ್ ತಂದು ತುಂಬಿಸುವವರು, ತುಂಬಿಸಿದ್ದರಲ್ಲಿ ಒಂದಿಷ್ಟು ಕದಿಯುವವರು, ಕದ್ದದ್ದನ್ನು ಟ್ರ್ಯಾಕ್ಟರಿಗೆ ಹಾಕಿಸಿಕೊಳ್ಳುವವರು, ಹೀಗೆ ಒಂದು ಪುಟ್ಟ ವ್ಯಾಪಾರವೇ ನಡೆಯುತ್ತಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2011ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಟವರುಗಳಿಗೆ ಬೇಕಾದ ವಿದ್ಯುತ್ತಿನಲ್ಲಿ ಶೇ 40 ಮಾತ್ರ ಗ್ರಿಡ್‌ನಿಂದ ಬರುತ್ತಿತ್ತು, ಉಳಿದ ಶೇ 60 ಡೀಸೆಲ್ ಜನರೇಟರಿನದು. 10ರಿಂದ 15 ಕೆವಿಎ ಜನರೇಟರೊಂದು ಗಂಟೆಗೆ ಎರಡು ಲೀಟರ್ ಕುಡಿಯುತ್ತದೆ. ದೇಶದ ಎಲ್ಲ ಟವರುಗಳದ್ದು ಸೇರಿ ವರ್ಷಕ್ಕೆ 200 ಕೋಟಿ ಲೀಟರ್. ಆಗ ಡೀಸೆಲ್‌ಗೆ ಸಬ್ಸಿಡಿಯೂ ಇತ್ತು; ಬಸ್ಸಿನ ಪ್ರಯಾಣಿಕರ, ರೈತರ ಹೆಸರಿನಲ್ಲಿ ಕೊಟ್ಟ ಸಬ್ಸಿಡಿಯನ್ನು ಟೆಲಿಫೋನ್ ಕಂಪನಿಗಳೂ ಅನುಭವಿಸಿದವು.

2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಒಂದು ಆದೇಶ ಹೊರಡಿಸಿತು. 2015ರೊಳಗೆ ಗ್ರಾಮೀಣ ಟವರುಗಳಲ್ಲಿ ಅರ್ಧದಷ್ಟು, ನಗರದವುಗಳಲ್ಲಿ ಶೇ 20ರಷ್ಟು ಸೋಲಾರ್, ಗಾಳಿ ಮುಂತಾದವುಗಳ ಜೊತೆ ಗ್ರಿಡ್ ಸೇರಿಸಿ ನಡೆಯಬೇಕು ಎಂಬುದು ಅದರ ಸಾರ. ಆದೇಶ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸವನ್ನು ಬೇರೆ ಮೂರು ಸಂಗತಿಗಳು ಮಾಡಿದವು ಎಂದು ನನ್ನ ಎಣಿಕೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬಂತು. ಲಿಥಿಯಂ ಬ್ಯಾಟರಿ ಅಗ್ಗವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಹಳ್ಳಿಗಳಿಗೆ ಕರೆಂಟು ಬಂತು: ಸರ್ಕಾರದ ಲೆಕ್ಕದಲ್ಲಿ 2014ರ ಸುಮಾರಿಗೆ ದಿನಕ್ಕೆ ಸರಾಸರಿ ಹನ್ನೆರಡೂವರೆ ಗಂಟೆ ಇದ್ದದ್ದು ಈಗ 22 ಗಂಟೆಯ ಹತ್ತಿರ ಇದೆ. ಟವರಿನ ಜನರೇಟರು ಸುಮ್ಮನಾಯಿತು. ಅದರ ಜಾಗಕ್ಕೆ ಬಂದ ಕರೆಂಟಾದರೂ ಎಲ್ಲಿಯದು? ದೇಶದ ಮಟ್ಟದಲ್ಲಿ ಹೇಳುವುದಾದರೆ ಹತ್ತರಲ್ಲಿ ಏಳು ಪಾಲು ಕಲ್ಲಿದ್ದಲಿನದೇ. ಡೀಸೆಲ್ ಹೋಗಿ ಬಹುಪಾಲು ಕಲ್ಲಿದ್ದಲು ಬಂತು, ಹೊಗೆ ಊರಿನಿಂದ ಸ್ಥಾವರದ ಚಿಮಣಿಗೆ ವರ್ಗವಾಯಿತು. ನೈಜೀರಿಯದಲ್ಲಿ ಅಷ್ಟೂ ಆಗಿಲ್ಲ. ಅಲ್ಲಿ ಇಡೀ ರಾಷ್ಟ್ರೀಯ ಗ್ರಿಡ್ 2024ರಲ್ಲಿ ಹಲವು ಸಲ ಕುಸಿದುಬಿತ್ತು. ಮೊಬೈಲಿನಲ್ಲಿ ಹಣ ಕಳಿಸುವ ಲಾಗೋಸಿನ ಅಂಗಡಿಯವರಿಗೆ ಇವತ್ತಿಗೂ ಬಾಗಿಲ ಹೊರಗೆ ಜನರೇಟರು ಬೇಕು, ಟವರುಗಳಿಗೂ ಬೇಕು.

ಆದರೂ ಟವರು, ಸರ್ವರು, ಫೋನುಗಳ ಕರೆಂಟನ್ನು ಒಟ್ಟು ಬಳಕೆಯ ಪಕ್ಕ ಇಟ್ಟು ನೋಡಿದರೆ ಅದು ಸಣ್ಣದೇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳೆಲ್ಲ ಸೇರಿ ಬಳಸಿದ್ದು ಒಟ್ಟು ವಿದ್ಯುತ್ತಿನ ಶೇ 1.5ರಷ್ಟು. ದೊಡ್ಡ ಮೊತ್ತ ಬೇರೆ ಕಡೆ ಇದೆ. ನಮ್ಮ ಐಟಿ ಉದ್ಯಮ 50 ಲಕ್ಷಕ್ಕೂ ಹೆಚ್ಚು ಮಂದಿಗೆ ನೇರ ಕೆಲಸ ಕೊಟ್ಟಿದೆ. ಅವರು ಬರೆಯುವ ಕೋಡ್ ಸುಡುವುದು ಏನೂ ಅಲ್ಲ. ಆ ಸಂಬಳ ಮನೆ ಕಟ್ಟಿಸುತ್ತದೆ, ಸಿಮೆಂಟು ಕಬ್ಬಿಣ ತರಿಸುತ್ತದೆ, ಕಾರು ಕೊಳ್ಳುತ್ತದೆ, ಗೋವಾಕ್ಕೆ ವಿಮಾನ ಹತ್ತಿಸುತ್ತದೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿ ಆಗಲೇ ಕೆಲವು ವರ್ಷವಾಯಿತು. ದೇಶದಲ್ಲಿ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಎಸಿಗಳು ಮಾರಾಟವಾಗುತ್ತಿವೆ. 2024ರ ಮೇ 30ರಂದು ದೇಶದ ವಿದ್ಯುತ್ ಬೇಡಿಕೆ 2,50,000 ಮೆಗಾವ್ಯಾಟ್ ಮುಟ್ಟಿದ್ದು ಸೆಕೆಯಿಂದ. ಆ ಸೆಕೆಗೆ ಎಸಿ ಹಾಕಿಸಿಕೊಳ್ಳುವ ಶಕ್ತಿ ಬಂದದ್ದು ಸಂಬಳದಿಂದ. ಇದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ತಲಾ ಲೆಕ್ಕ ಹಾಕಿದರೆ ಭಾರತೀಯರು ಬಳಸುವ ವಿದ್ಯುತ್ತು ಇಂದಿಗೂ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ.

ಆ್ಯಪ್‌ಗಳು ಹೊಸ ಓಡಾಟವನ್ನೇ ಹುಟ್ಟುಹಾಕುವುದೂ ಉಂಟು. ಒಂದು ವ್ಯಾನು ಬೀದಿಬೀದಿ ಸುತ್ತಿ ಐವತ್ತು ಮನೆಗೆ ಪಾರ್ಸೆಲ್ ಕೊಟ್ಟರೆ ಐವತ್ತು ಜನ ಪೇಟೆಗೆ ಹೋಗುವುದು ತಪ್ಪುತ್ತದೆ. ಲೆಕ್ಕದಲ್ಲಿ ಅದು ಲಾಭ. ಹತ್ತು ನಿಮಿಷದೊಳಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದುಕೊಡುವ ಸ್ಕೂಟರಿಗೆ ಆ ಲೆಕ್ಕ ಹೊಂದುವುದಿಲ್ಲ. ಮೊದಲಾದರೆ ಅದಿಲ್ಲದೆಯೇ ಸಾರಿಗೆ ಒಗ್ಗರಣೆ ಬೀಳುತ್ತಿತ್ತು. ಇಂಡೊನೇಷ್ಯದಲ್ಲಿ ಗೊಜೆಕ್ ಕಂಪನಿಯ ಆ್ಯಪ್ 2015ರಲ್ಲಿ ಬಂದ ಮೇಲೆ ಜಕಾರ್ತದ ಬೀದಿಗಳು ಹಸಿರು ಜಾಕೆಟ್ಟಿನ ಬೈಕ್ ಸವಾರರಿಂದ ತುಂಬಿಹೋದವು. ಲಕ್ಷಾಂತರ ಜನಕ್ಕೆ ಅನ್ನವಾಯಿತು, ಸವಾರಿ ಬಹುಪಾಲು ಪೆಟ್ರೋಲಿನ ಮೇಲೆ. ಡೆಲಿವರಿಯ ಬೈಕುಗಳೇ ಮೊದಲು ವಿದ್ಯುತ್ತಿಗೆ ಹೊರಳುತ್ತಿವೆ ಎಂಬುದೂ ನಿಜ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರಿಗೆ ಪೆಟ್ರೋಲಿನ ಉಳಿತಾಯ ತಿಂಗಳ ಕೊನೆಯಲ್ಲೇ ಕೈಗೆ ಸಿಗುತ್ತದೆ.

ಡಿಜಿಟಲ್ ವ್ಯವಹಾರ ಇಂಧನವನ್ನು ನಿಜಕ್ಕೂ ಬದಲಿಸಿದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕೆನ್ಯಾವನ್ನು ತೋರಿಸುತ್ತೇನೆ. ಅಲ್ಲಿ 2007ರ ಮಾರ್ಚ್‌ನಲ್ಲಿ ಸಫಾರಿಕಾಂ ಕಂಪನಿ ಎಂ-ಪೆಸಾ ಆರಂಭಿಸಿತು. ಸ್ಮಾರ್ಟ್‌ಫೋನೂ ಬೇಕಿಲ್ಲ, ಬ್ಯಾಂಕ್ ಖಾತೆಯೂ ಬೇಕಿಲ್ಲ, ಬಟನ್ ಫೋನಿನ ಸಂದೇಶದಲ್ಲೇ ಹಣ ಕಳಿಸಬಹುದು. ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮುಂಚೆ! ಅದರ ಬೆನ್ನಿಗೆ 2012ರಲ್ಲಿ ಎಂ-ಕೋಪಾ ಎಂಬ ಕಂಪನಿ ಮನೆಬಳಕೆಯ ಸೋಲಾರ್ ಪೆಟ್ಟಿಗೆ ಮಾರತೊಡಗಿತು. ಒಂದು ಸಣ್ಣ ಫಲಕ, ಎರಡು ಮೂರು ಬಲ್ಬು, ರೇಡಿಯೊ, ಫೋನ್ ಚಾರ್ಜು ಮಾಡುವ ತಂತಿ. ಸ್ವಲ್ಪ ಮುಂಗಡ ಕೊಟ್ಟು ಒಯ್ದರೆ ಆಯಿತು, ಉಳಿದದ್ದನ್ನು ದಿನಕ್ಕಿಷ್ಟು ಎಂದು ಎಂ-ಪೆಸಾದಲ್ಲಿ ಕಟ್ಟುತ್ತ ಹೋಗಬೇಕು. ಪೆಟ್ಟಿಗೆಯೊಳಗೆ ಸಿಮ್ ಕಾರ್ಡ್ ಇರುತ್ತದೆ. ಹಣ ಬಾರದಿದ್ದರೆ ದೀಪ ಆರುತ್ತದೆ, ಬಂದೊಡನೆ ಹೊತ್ತಿಕೊಳ್ಳುತ್ತದೆ. ಕಂತೆಲ್ಲ ತೀರಿದ ಮೇಲೆ ಪೆಟ್ಟಿಗೆ ಮನೆಯವರದು.

ಕೆನ್ಯಾದ ಬಡವರಿಗೆ ಸೋಲಾರ್ ಬೇಡವಾಗಿತ್ತು ಎಂದಲ್ಲ. ದಿನಕ್ಕೆ ಸೀಮೆಎಣ್ಣೆಗೆ ಸುರಿಯುವಷ್ಟೇ ಹಣದಲ್ಲಿ ಅದರ ಕಂತು ತೀರುತ್ತಿತ್ತು. ಆದರೆ ದೂರದ ಹಳ್ಳಿಯ ಒಂದು ಗುಡಿಸಲಿನಿಂದ ದಿನಕ್ಕೆ ನಾಲ್ವತ್ತು ಐವತ್ತು ಶಿಲ್ಲಿಂಗ್ ವಸೂಲಿ ಮಾಡಲು ಆಳು ಕಳಿಸಿದರೆ ವಸೂಲಿಯ ಖರ್ಚೇ ಕಂತನ್ನು ಮೀರುತ್ತಿತ್ತು, ಹೀಗಾಗಿ ಯಾರೂ ಸಾಲ ಕೊಡುತ್ತಿರಲಿಲ್ಲ. ಮೊಬೈಲ್ ಹಣ ಆ ಖರ್ಚನ್ನು ಹೆಚ್ಚುಕಡಿಮೆ ಸೊನ್ನೆ ಮಾಡಿತು. ಸೀಮೆಎಣ್ಣೆ ಬುಡ್ಡಿ ಹಿಂದೆ ಸರಿಯಿತು. ಕೆನ್ಯಾದ ಅದೃಷ್ಟ ಇನ್ನೂ ಒಂದಿದೆ: ಅದರ ಗ್ರಿಡ್ಡಿನ ವಿದ್ಯುತ್ತಿನಲ್ಲಿ ಸುಮಾರು ಶೇ 90 ಭೂಗರ್ಭದ ಉಗಿ, ನೀರು, ಗಾಳಿ, ಬಿಸಿಲಿನದು. ಒಲ್ಕಾರಿಯದಲ್ಲಿ ನೆಲ ಕೊರೆದು ತೆಗೆದ ಉಗಿ ಹಗಲೂ ರಾತ್ರಿಯೂ ಬರುತ್ತದೆ. ಅಲ್ಲಿ ಹೊಸ ಸರ್ವರ್ ಹಾಕಿದರೆ, ಬೈಕನ್ನು ಚಾರ್ಜಿಗೆ ಹಾಕಿದರೆ, ಕಲ್ಲಿದ್ದಲು ಉರಿಯುವುದಿಲ್ಲ. ಕಾರು ಲಾರಿಗಳ ಎಣ್ಣೆ ಮಾತ್ರ ಅಲ್ಲೂ ಹಡಗಿನಲ್ಲೇ ಬರಬೇಕು.

ನಮ್ಮಲ್ಲಿ ಸೀಮೆಎಣ್ಣೆ ಹೋದ ದಾರಿ ಬೇರೆ. 2013-14ರಲ್ಲಿ ದೇಶ ಸುಮಾರು 70 ಲಕ್ಷ ಟನ್ ಸೀಮೆಎಣ್ಣೆ ಬಳಸುತ್ತಿತ್ತು. 2022-23ರ ಹೊತ್ತಿಗೆ ಅದು 5 ಲಕ್ಷ ಟನ್ನಿನ ಆಸುಪಾಸಿಗೆ ಕುಸಿಯಿತು. ಮನೆಮನೆಗೆ ಕರೆಂಟು, ಉಜ್ವಲಾ ಗ್ಯಾಸ್, ಜೊತೆಗೆ ಆಧಾರ್ ಮತ್ತು ಬ್ಯಾಂಕ್ ಖಾತೆಗೆ ಜೋಡಿಸಿದ ಸಬ್ಸಿಡಿ, ಈ ಮೂರೂ ಸೇರಿ ಅದನ್ನು ಮಾಡಿದವು. 2015ರ ಜನವರಿಯಿಂದ ಗ್ಯಾಸಿನ ಸಬ್ಸಿಡಿ ನೇರವಾಗಿ ಖಾತೆಗೆ ಬೀಳತೊಡಗಿದಾಗ ಒಬ್ಬರ ಹೆಸರಲ್ಲಿ ನಾಲ್ಕು ಸಂಪರ್ಕ ಇಟ್ಟುಕೊಳ್ಳುವುದು, ಮನೆಯ ಸಿಲಿಂಡರ್ ಹೋಟೆಲಿಗೆ ಹೋಗುವುದು ಕಷ್ಟವಾಯಿತು. ಆದರೆ ನೋಡಿ, ಗ್ಯಾಸೂ ಪಳೆಯುಳಿಕೆ ಇಂಧನವೇ. ಸೌದೆಯ ಹೊಗೆಯಲ್ಲಿ ಕೆಮ್ಮುತ್ತಿದ್ದ ಕೋಟ್ಯಂತರ ಹೆಂಗಸರು ಸಿಲಿಂಡರಿಗೆ ಬಂದಾಗ ಲೆಕ್ಕಪತ್ರದಲ್ಲಿ ಪಳೆಯುಳಿಕೆ ಇಂಧನದ ಬಳಕೆ ಏರಿತು. ಇಂಥ ಏರಿಕೆಯನ್ನು ನಾನಂತೂ ಕೆಟ್ಟ ಸುದ್ದಿಯ ಪಟ್ಟಿಗೆ ಸೇರಿಸಲಾರೆ.

ಕೆನ್ಯಾಕ್ಕೆ ತದ್ವಿರುದ್ಧವಾದ ಕಥೆ ಕಝಾಕಸ್ತಾನದ್ದು. 2021ರ ಮೇ ತಿಂಗಳಿಂದಾಚೆ ಚೀನಾ ಬಿಟ್‌ಕಾಯಿನ್ ಗಣಿಗಾರಿಕೆಯನ್ನು, ಅಂದರೆ ಯಂತ್ರಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದನ್ನು, ಬಗ್ಗುಬಡಿಯಿತು. ಆ ಯಂತ್ರಗಳು ಲಾರಿ ಹತ್ತಿ ಗಡಿ ದಾಟಿ ಪಕ್ಕದ ಕಝಾಕಸ್ತಾನಕ್ಕೆ ಬಂದವು. ಅಲ್ಲಿ ಎಕಿಬಸ್ತೂಜ್‌ನ ಬಯಲುಗಣಿಗಳ ಕಲ್ಲಿದ್ದಲಿನಿಂದ ಕರೆಂಟು ಅಗ್ಗ. ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದೇ. ಕೆಲವೇ ತಿಂಗಳಲ್ಲಿ, ಆ ವರ್ಷದ ಆಗಸ್ಟ್ ಹೊತ್ತಿಗೆ, ಜಗತ್ತಿನ ಬಿಟ್‌ಕಾಯಿನ್ ಲೆಕ್ಕಾಚಾರದ ಶೇ 18ರಷ್ಟು ಆ ಒಂದು ದೇಶದಲ್ಲಿ ನಡೆಯುತ್ತಿತ್ತು, ಅಮೆರಿಕ ಬಿಟ್ಟರೆ ಅದೇ ಎರಡನೆಯದು. ಸೋವಿಯತ್ ಕಾಲದ ಸ್ಥಾವರಗಳು ತಾಳಲಿಲ್ಲ. ಚಳಿಗಾಲಕ್ಕೆ ಮುಂಚೆಯೇ ವಿದ್ಯುತ್ ಕೊರತೆ ಶುರುವಾಯಿತು, 2022ರ ಜನವರಿ ಕೊನೆಯಲ್ಲಿ ಗ್ರಿಡ್ ನಿರ್ವಾಹಕರು ಬಿಟ್‌ಕಾಯಿನ್ ಯಂತ್ರಗಳ ಕರೆಂಟು ಕಿತ್ತರು. ಅದೇ ತಿಂಗಳ ಮೊದಲಲ್ಲಿ ಝನವೊಝೆನ್ ಪಟ್ಟಣದಲ್ಲಿ ವಾಹನಗಳ ಗ್ಯಾಸ್ ಬೆಲೆ ಏರಿದ್ದಕ್ಕೆ ಹೊತ್ತಿದ ಪ್ರತಿಭಟನೆ ದೇಶವನ್ನೆಲ್ಲ ಆವರಿಸಿ, ಸರ್ಕಾರ ಅಂತರ್ಜಾಲವನ್ನೇ ನಿಲ್ಲಿಸಿದ್ದರಿಂದ ಆ ಯಂತ್ರಗಳು ಒಮ್ಮೆ ಆಗಲೇ ಸ್ತಬ್ಧವಾಗಿದ್ದವು. ಇಲ್ಲಿ ಡಿಜಿಟಲ್ ಬೆಳವಣಿಗೆಯಿಂದ ಊರಿನವರಿಗೆ ದಕ್ಕಿದ ಉದ್ಯೋಗ ಅಲ್ಪ, ಸುಟ್ಟ ಕಲ್ಲಿದ್ದಲು ಅಪಾರ.

ಯಂತ್ರ ಬಳಸುವುದು ಒಂದು, ತಯಾರಿಸುವುದು ಇನ್ನೊಂದು. ಸ್ಯಾಮ್‌ಸಂಗ್ ಕಂಪನಿಯ ಫೋನುಗಳಲ್ಲಿ ಸುಮಾರು ಅರ್ಧದಷ್ಟು ತಯಾರಾಗುವುದು ವಿಯೆಟ್ನಾಮಿನಲ್ಲಿ, ಉತ್ತರದ ಬಾಕ್ ನಿನ್ ಮತ್ತು ಥಾಯ್ ಙುಯೆನ್ ಪ್ರಾಂತ್ಯಗಳಲ್ಲಿ. ಆ ಉತ್ತರ ಭಾಗ ಜಲವಿದ್ಯುತ್ತನ್ನು ನೆಚ್ಚಿಕೊಂಡಿತ್ತು. 2023ರ ಬೇಸಿಗೆಯಲ್ಲಿ ಮಳೆಯಿಲ್ಲದೆ ಜಲಾಶಯಗಳು ಬರಿದಾದಾಗ ಜೂನ್ ತಿಂಗಳಲ್ಲಿ ಕೈಗಾರಿಕಾ ವಲಯಗಳಿಗೂ ಲೋಡ್ ಶೆಡ್ಡಿಂಗ್ ಬಂತು. ವಿಶ್ವಬ್ಯಾಂಕ್ ಆ ನಷ್ಟವನ್ನು 140 ಕೋಟಿ ಡಾಲರ್ ಎಂದು ಅಂದಾಜಿಸಿತು. ಹೂಡಿಕೆದಾರರು ಓಡಿಹೋದಾರೆಂಬ ಅಂಜಿಕೆಯಲ್ಲಿ ಸರ್ಕಾರ ಕೈಚಾಚಿದ್ದು ಕಲ್ಲಿದ್ದಲಿಗೆ; 2024ರಲ್ಲಿ ಆ ದೇಶದ ವಿದ್ಯುತ್ತಿನ ಹತ್ತಿರಹತ್ತಿರ ಅರ್ಧ ಅದರಿಂದಲೇ ಬಂತು. ಈಗ ಕೋಲಾರದ ನರಸಾಪುರ, ನಮ್ಮ ದೇವನಹಳ್ಳಿ, ತಮಿಳುನಾಡಿನ ಶ್ರೀಪೆರಂಬದೂರುಗಳಲ್ಲಿ ಐಫೋನು ಜೋಡಿಸುವ ಕಾರ್ಖಾನೆಗಳು ನಿಂತಿವೆ. ಒಳ್ಳೆಯದೇ. ಫೋನು ತಯಾರಿಕೆಯ ಹೊಗೆಯ ಒಂದು ಪಾಲು ಚೀನಾದ ಖಾತೆಯಿಂದ ನಮ್ಮ ಖಾತೆಗೆ ಬರುತ್ತದೆ ಎಂಬುದಷ್ಟು ಗೊತ್ತಿರಲಿ.

ಇದೇ ಕಾರಣಕ್ಕೆ ಅರ್ಥಶಾಸ್ತ್ರಜ್ಞರು ಆಗಾಗ ತೋರಿಸುವ ಒಂದು ಗೆರೆಯ ಮೇಲೆ ನನಗೆ ಅರ್ಧ ನಂಬಿಕೆ ಮಾತ್ರ. 142 ದೇಶಗಳ 1995ರಿಂದ 2010ರವರೆಗಿನ ಅಂಕಿಅಂಶ ಹಿಡಿದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಾಹಿತಿ ತಂತ್ರಜ್ಞಾನ ಬೆಳೆದಂತೆ ಇಂಗಾಲದ ಹೊರಸೂಸುವಿಕೆ ಮೊದಲು ಏರಿ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ ಎಂದಿತು. ಶ್ರೀಮಂತ ದೇಶಗಳಲ್ಲಿ ಬಹಳಷ್ಟು ಆ ನೆತ್ತಿ ದಾಟಿವೆಯಂತೆ, ಹಿಂದುಳಿದವು ಇನ್ನೂ ಏರುತ್ತಿವೆಯಂತೆ. ಇರಬಹುದು. ಆದರೆ ಶ್ರೀಮಂತರು ನೆತ್ತಿ ದಾಟುವಾಗ ಫೋನು, ಟಿವಿ, ಕಬ್ಬಿಣ ತಯಾರಿಸುವ ಕೆಲಸವನ್ನು ಚೀನಾದ ಶೆಂಜೆನ್‌ಗೋ ಬಾಕ್ ನಿನ್‌ಗೋ ದಾಟಿಸಿದ್ದರು. ನಾವು ನೆತ್ತಿ ಮುಟ್ಟುವ ಹೊತ್ತಿಗೆ ಯಾರಿಗೆ ದಾಟಿಸುವುದು?

ಕೃತಕ ಬುದ್ಧಿಮತ್ತೆ ಬಂದ ಮೇಲೆ 'ನೇರ ಬಳಕೆ ಸಣ್ಣದು' ಎಂದು ಮೇಲೆ ಹೇಳಿದ ಮಾತಿಗೂ ತಿದ್ದುಪಡಿ ಬೇಕಾದೀತು. ಅದೇ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2030ಕ್ಕೆ ಡೇಟಾ ಸೆಂಟರ್‌ಗಳ ಬಳಕೆ ಎರಡು ಪಟ್ಟು ಮೀರುತ್ತದೆ ಎಂದು ಅಂದಾಜಿಸಿದೆ. ಇವು ಒಂದೇ ಕಡೆ ಗುಂಪುಗೂಡುವುದೇ ತೊಡಕು. ಸಿಂಗಪುರದಲ್ಲಿ ಡೇಟಾ ಸೆಂಟರ್‌ಗಳ ಪಾಲು ದೇಶದ ವಿದ್ಯುತ್ತಿನ ಶೇ 7ಕ್ಕೆ ಮುಟ್ಟಿದಾಗ 2019ರಲ್ಲಿ ಹೊಸದಕ್ಕೆ ತಡೆ ಹಾಕಿದರು. 2022ರಲ್ಲಿ ತಡೆ ತೆರವಾಗುವಷ್ಟರಲ್ಲಿ ಹೂಡಿಕೆದಾರರು ಸೇತುವೆ ದಾಟಿ ಮಲೇಷ್ಯದ ಜೊಹೋರ್‌ನತ್ತ ಮುಖ ಮಾಡಿದ್ದರು. ಮಲೇಷ್ಯದ ಕರೆಂಟಿನ ಬಹುಪಾಲು ಕಲ್ಲಿದ್ದಲು ಮತ್ತು ಅನಿಲದ್ದು. ನಮ್ಮ ನೆರೆಯ ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ಹೂಡಿ ಗಿಗಾವ್ಯಾಟ್ ಪ್ರಮಾಣದ ಕೇಂದ್ರ ಕಟ್ಟುವುದಾಗಿ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಒಂದು ಗಿಗಾವ್ಯಾಟ್ ಎಂದರೆ ಎಷ್ಟು? ವರ್ಷವಿಡೀ ಪೂರ್ತಿ ಓಡಿದರೆ 876 ಕೋಟಿ ಯೂನಿಟ್, ದೇಶದ ಉತ್ಪಾದನೆಯ ಶೇ 0.5ರಷ್ಟು. ಅಷ್ಟನ್ನೂ ಕಲ್ಲಿದ್ದಲಿನಿಂದಲೇ ಕೊಡಬೇಕಾದರೆ, ಯೂನಿಟ್ಟಿಗೆ 700 ಗ್ರಾಂ ಎಂದು ಹಿಡಿದರೂ, ವರ್ಷಕ್ಕೆ 60 ಲಕ್ಷ ಟನ್.

'ಕಲ್ಲಿದ್ದಲು ಯಾಕೆ, ನಾವು ಸೋಲಾರ್ ಕೊಳ್ಳುತ್ತೇವೆ' ಎಂದು ಕಂಪನಿಗಳು ಹೇಳುತ್ತವೆ. ಕೊಳ್ಳುವುದೂ ಸುಳ್ಳಲ್ಲ. ಗಡಿಯಾರ ನೋಡಿದರೆ ಮಾತ್ರ ಒಳಸುಳಿ ಕಾಣುತ್ತದೆ. ಪಾವಗಡದ 13,000 ಎಕರೆಯ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ಮಧ್ಯಾಹ್ನ ಅದೊಂದು ವೈಭವ. ಸಂಜೆ ಏಳಕ್ಕೆ ಅಲ್ಲಿಂದ ಒಂದು ಯೂನಿಟ್ಟೂ ಹೊರಡುವುದಿಲ್ಲ. ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಟಿವಿ, ಫ್ಯಾನು ಹತ್ತುತ್ತವೆ, ಸರ್ವರುಗಳಂತೂ ನಿದ್ದೆ ಮಾಡುವುದೇ ಇಲ್ಲ. ಆಗ ಶರಾವತಿಯ ನೀರು ಬಿಡಬೇಕು, ಗದಗ ಚಿತ್ರದುರ್ಗದ ಕಡೆ ಗಾಳಿ ಬೀಸಬೇಕು, ಸಾಲದ್ದನ್ನು ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳು ತುಂಬಬೇಕು. ಹಗಲು ಪಾವಗಡ, ರಾತ್ರಿ ರಾಯಚೂರು. ಕಲ್ಲಿದ್ದಲಿನ ಘಟಕವನ್ನು ದೀಪದಂತೆ ಆರಿಸಿ ಹಚ್ಚಲೂ ಬಾರದು. ಸಂಜೆಗೆ ಬೇಕೆಂದು ಹಗಲಿಡೀ ಅದನ್ನು ಸಾಮರ್ಥ್ಯದ ಶೇ 55ರ ಆಸುಪಾಸಿನಲ್ಲಿ ಉರಿಸುತ್ತಲೇ ಇರಬೇಕು. ವರ್ಷದ ಕೊನೆಗೆ ಬಳಸಿದಷ್ಟು ಯೂನಿಟ್ ಸೋಲಾರ್ ಕೊಂಡಿದ್ದೇವೆ ಎಂದು ಕಂಪನಿ ತೋರಿಸುವ ಲೆಕ್ಕದಲ್ಲಿ ಈ ರಾತ್ರಿಗಳು ಕಾಣುವುದಿಲ್ಲ. 2025ರ ಜೂನ್ ಹೊತ್ತಿಗೆ ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆಯೇತರ ಆಯಿತೆಂಬ ಸುದ್ದಿಯನ್ನೂ ಹೀಗೆಯೇ ಓದಬೇಕು. ಸಾಮರ್ಥ್ಯದಲ್ಲಿ ಅರ್ಧ, ನಿಜವಾಗಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಕಾಲು ಭಾಗದ ಆಸುಪಾಸು.

ಡಿಜಿಟಲ್ ತಂತ್ರಜ್ಞಾನ ಕಲ್ಲಿದ್ದಲನ್ನು ನಿಜವಾಗಿ ಉಳಿಸಬಲ್ಲ ಜಾಗವೂ ಇಲ್ಲೇ ಇದೆ, ಆದರೆ ಅದಕ್ಕೆ ಆ್ಯಪಿನ ಬೆಡಗಿಲ್ಲ. ಗಾಳಿ ಮತ್ತು ಸೋಲಾರ್ ಘಟಕಗಳು ತಮ್ಮ ಮರುದಿನದ ಉತ್ಪಾದನೆಯನ್ನು ಹದಿನೈದು ಹದಿನೈದು ನಿಮಿಷದ ಲೆಕ್ಕದಲ್ಲಿ ಮುಂಚೆಯೇ ಹೇಳಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ನಿಯಮ ಮಾಡಿತು. ಮುನ್ಸೂಚನೆ ನಂಬುವಂತಿದ್ದಷ್ಟೂ ಎಚ್ಚರಿಕೆಗೆಂದು ಉರಿಸಿಟ್ಟುಕೊಳ್ಳುವ ಕಲ್ಲಿದ್ದಲು ಕಡಿಮೆ. ನಿಮ್ಮ ಕಡೆಯ ತೆಂಗಿನ ತೋಟಗಳ ಪಂಪ್‌ಸೆಟ್ ನೋಡಿ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ರಾಜ್ಯದ ವಿದ್ಯುತ್ತಿನ ಮೂರನೇ ಒಂದರಷ್ಟು ಅವುಗಳದೇ. 'ನಿರಂತರ ಜ್ಯೋತಿ' ಯೋಜನೆಯಲ್ಲಿ ಮನೆಗಳ ಫೀಡರನ್ನೂ ಪಂಪ್‌ಸೆಟ್ ಫೀಡರನ್ನೂ ಬೇರ್ಪಡಿಸಿದ್ದರಿಂದ ತ್ರೀ ಫೇಸ್ ಕರೆಂಟನ್ನು ಬಿಸಿಲಿರುವ ಹೊತ್ತಿಗೇ ಕೊಡಲು ಸಾಧ್ಯವಾಗಿದೆ. ಇಷ್ಟು ದೊಡ್ಡ ಹೊರೆ ನಡುರಾತ್ರಿಯಿಂದ ನಡುಹಗಲಿಗೆ ಸರಿದರೆ ಕಲ್ಲಿದ್ದಲು ಉಳಿಯುತ್ತದೆ, ಟಾರ್ಚ್ ಹಿಡಿದು ಹಾವಿಗೆ ಹೆದರುತ್ತ ಮೋಟಾರು ಹಾಕಲು ಹೋಗುವುದೂ ತಪ್ಪುತ್ತದೆ. ಯಾವ ಹೊತ್ತಿಗೆ ಯಾವ ದರ ಎಂದು ಹೇಳಬಲ್ಲ ಸ್ಮಾರ್ಟ್ ಮೀಟರು, ಸಂಜೆಗೆ ಕೂಡಿಟ್ಟ ಬ್ಯಾಟರಿ, ಇವೆಲ್ಲ ಇದೇ ಸಾಲಿನವು. ಸ್ಮಾರ್ಟ್ ಮೀಟರಿಗೆ ಊರೂರಲ್ಲಿ ವಿರೋಧವಿರುವುದು ನನಗೆ ಗೊತ್ತು. ಬಿಲ್ ಏರುತ್ತದೆಂಬ ಭಯಕ್ಕೆ ಎಸ್ಕಾಂಗಳು ಸಮಾಧಾನದ ಉತ್ತರ ಕೊಡದೆ ಅದು ಹೋಗುವುದಿಲ್ಲ.

ಇನ್ನು ನಿಮ್ಮ ಮಗನ ವಿಡಿಯೊ. 2019ರಲ್ಲಿ ಅರ್ಧ ಗಂಟೆ ವಿಡಿಯೊ ನೋಡಿದರೆ ಆರು ಕಿಲೋಮೀಟರಿಗೂ ಹೆಚ್ಚು ಕಾರು ಓಡಿಸಿದಷ್ಟು ಇಂಗಾಲ ಎಂಬ ಸುದ್ದಿ ಜಗತ್ತೆಲ್ಲ ಸುತ್ತಿತು. ಅದು ಬಹಳ ಉಬ್ಬಿಸಿದ ಲೆಕ್ಕ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತಿದ್ದಿ ಕೊಟ್ಟ ಅಂದಾಜಿನಲ್ಲಿ ಒಂದು ಗಂಟೆಯ ವಿಡಿಯೊಗೆ ಸರ್ವರು, ತಂತಿ, ಪರದೆ ಎಲ್ಲ ಸೇರಿ 0.077 ಯೂನಿಟ್. ದಿನಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ 84 ಯೂನಿಟ್. ಪೂರ್ತಿ ಕಲ್ಲಿದ್ದಲಿನಿಂದಲೇ ಬಂದರೂ 60 ಕೆಜಿ ದಾಟದು. ಟಿವಿಯ ಬದಲು ಫೋನಿನಲ್ಲಿ ನೋಡುತ್ತಿದ್ದರೆ ಇನ್ನೂ ಕಡಿಮೆ. ಎರಡು ಕಿಲೋವ್ಯಾಟ್ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಹಾಕಿದರೆ ವರ್ಷಕ್ಕೆ 365 ಯೂನಿಟ್. ಹೀಗಾಗಿ ಮಗನನ್ನು ಗದರುವುದಿದ್ದರೆ ಅವನ ಕಣ್ಣಿನ ಹೆಸರಿನಲ್ಲೋ ಓದಿನ ಹೆಸರಿನಲ್ಲೋ ಗದರಿ, ಕಲ್ಲಿದ್ದಲಿನ ನೆಪ ನಿಲ್ಲುವುದಿಲ್ಲ. ಕಲ್ಲಿದ್ದಲಿನ ಮಾತು ಎತ್ತುವ ಸಮಯ ಅವನು ಹೊಸ ಫೋನ್ ಕೇಳಿದಾಗ: ಒಂದು ಸ್ಮಾರ್ಟ್‌ಫೋನು ತನ್ನ ಆಯುಸ್ಸಿನಲ್ಲಿ ಹೊರಿಸುವ ಇಂಗಾಲದ ಬಹುಪಾಲು ಅದು ಡಬ್ಬಿಯಿಂದ ಹೊರಬರುವ ಮುಂಚೆಯೇ, ಕಾರ್ಖಾನೆಯಲ್ಲೇ, ಆಗಿಹೋಗಿರುತ್ತದೆ. ಹಳೆಯದಕ್ಕೆ ಒಂದು ಹೊಸ ಬ್ಯಾಟರಿ ಹಾಕಿಸಿಕೊಡಿ, ಇನ್ನೆರಡು ವರ್ಷ ಓಡುತ್ತದೆ.